ಆಟ ಬಿಟ್ಟ ಮೇಲೆ ಯಾವ ಕೆಲಸ? ಮೈಸೂರು ರಸ್ತೆಯ ಒಂದು ಹಳೆಯ ಪ್ರಶ್ನೆ

ನಮ್ಮ ಕಡೆ ಜಾತ್ರೆಗೆ ಕಬಡ್ಡಿ ಪಂದ್ಯ ಇಟ್ಟರೆ ಮೈಕ್ ಹಿಡಿದವನು ಆಟಗಾರನ ಪೂರ್ತಿ ಹೆಸರು ಹೇಳುವುದಿಲ್ಲ. ಊರಿನ ಹೆಸರು, ಜರ್ಸಿ ನಂಬರು, ಅಷ್ಟೇ. ವರ್ಷ ಕಳೆದಂತೆ ಊರಿನವರೂ ಹಾಗೇ ಶುರು ಮಾಡುತ್ತಾರೆ. ಒಬ್ಬನ ಹೆಸರಿನ ಮುಂದೆ 'ಕಬಡ್ಡಿ' ಅಂಟಿಕೊಳ್ಳುತ್ತದೆ, ಇನ್ನೊಬ್ಬನ ಹೆಸರಿನ ಮುಂದೆ 'ವಾಲಿಬಾಲ್'. ತಾಲ್ಲೂಕು ಮಟ್ಟದಲ್ಲಿ ಗೆದ್ದು ಬಂದವಳು 'ಓಟದ ಹುಡುಗಿ'. ಆಟ ಬಿಟ್ಟು ಹತ್ತು ವರ್ಷವಾದರೂ ಆ ಹೆಸರು ಹೋಗುವುದಿಲ್ಲ. ಮಂಡಿ ನೋವಿಗೆ ಕುಂಟುತ್ತಾ ಡೇರಿಗೆ ಹಾಲು ಹಾಕಲು ಹೋಗುವವನನ್ನೂ 'ಏ ಕಬಡ್ಡಿ, ಬಾರೋ ಇಲ್ಲಿ' ಅಂತಲೇ ಕರೆಯುತ್ತಾರೆ.

ನಮ್ಮ ಜೊತೆ ಡಿಗ್ರಿ ಓದಿದ ಗೆಳೆಯನೊಬ್ಬನ ಹೆಸರಿನ ಮುಂದೆ ಅಂಟಿಕೊಂಡದ್ದು ಖೋಖೋ. ಬೆಳಗ್ಗೆ ಐದಕ್ಕೆ ಎದ್ದು ಮೈದಾನಕ್ಕೆ ಹೋಗುತ್ತಿದ್ದ, ಮಧ್ಯಾಹ್ನದ ಕ್ಲಾಸಿನಲ್ಲಿ ನಿದ್ದೆ ಮಾಡುತ್ತಿದ್ದ. ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗಿ ಅಂತರ ವಿಶ್ವವಿದ್ಯಾಲಯ ಪಂದ್ಯಕ್ಕೆ ಹೋಗಿ ಬಂದಾಗ ಕಾಲೇಜಿನ ಗೇಟಿಗೆ ಫ್ಲೆಕ್ಸ್ ಕಟ್ಟಿದ್ದರು. ಅವನ ಅಪ್ಪ ಆ ಫ್ಲೆಕ್ಸ್ ನೋಡಿ ಖುಷಿಪಟ್ಟರು. ಬಸ್ ಹತ್ತುವಾಗ ಮಾತ್ರ ನಮ್ಮ ಕಡೆ ತಿರುಗಿ, 'ಇವನ್ನ ಕೇಳ್ರಪ್ಪ, ಆಟ ಮುಗಿದ ಮೇಲೆ ಏನ್ ಮಾಡ್ತಾನಂತೆ?' ಅಂದರು. ನಾವು ನಕ್ಕೆವು. ಅವನೂ ನಕ್ಕ. ಆಗ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಈಗ ಅವನು ಬೆಂಗಳೂರಿನ ಬಸವೇಶ್ವರನಗರದ ಒಂದು ಪಿ.ಜಿ.ಯಲ್ಲಿದ್ದಾನೆ. ಹಗಲು ವಿಜಯನಗರದ ಓದುವ ಕೋಣೆಯೊಂದರಲ್ಲಿ ಪೊಲೀಸ್ ಪರೀಕ್ಷೆಗೆ ಓದುತ್ತಾನೆ, ಬೆಳಗ್ಗೆ ಜ್ಞಾನಭಾರತಿಯ ಕಡೆ ಓಡಲು ಹೋಗುತ್ತಾನೆ. ಅವನನ್ನು ನೋಡಲು ಹೋದಾಗಲೆಲ್ಲ ನಾವು ಕೆಂಗೇರಿ ಕಡೆಯ ಮೆಟ್ರೊ ಹತ್ತುತ್ತೇವೆ. ಹಾಗೆ ಹೋಗುತ್ತಾ ಬರುತ್ತಾ ನಮಗೆ ಒಂದು ವಿಷಯ ಹೊಳೆಯಿತು. ಅವನ ಅಪ್ಪ ಕೇಳಿದ ಪ್ರಶ್ನೆಗೆ ನಮ್ಮ ರಾಜ್ಯ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಉತ್ತರ ಕೊಟ್ಟಿದೆ, ಅವುಗಳಲ್ಲಿ ಕೆಲವು ಇದೇ ರಸ್ತೆಯ ಪಕ್ಕದಲ್ಲಿವೆ. ಆ ಕಥೆಯನ್ನೇ ಇಲ್ಲಿ ಹೇಳುತ್ತೇವೆ.

ಮೊದಲ ಉತ್ತರ: ಕಲ್ಕತ್ತಾ ರೈಲು

ಸ್ವಾತಂತ್ರ್ಯ ಬಂದ ಹೊಸತರಲ್ಲಿ ಬೆಂಗಳೂರು ಅಂದರೆ ಫುಟ್‌ಬಾಲ್. ಬೆಂಗಳೂರು ಮುಸ್ಲಿಮ್ಸ್ ಎಂಬ ತಂಡ 1937 ಮತ್ತು 1938ರಲ್ಲಿ ಬೊಂಬಾಯಿಯ ರೋವರ್ಸ್ ಕಪ್ ಗೆದ್ದಿತ್ತು. ಮೈಸೂರು ಸಂಸ್ಥಾನದ ತಂಡ 1946-47ರಲ್ಲಿ ಸಂತೋಷ್ ಟ್ರೋಫಿ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಪರವಾಗಿ ಗೋಲು ಹೊಡೆದವರು ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಭಾರತಕ್ಕೆ ಅದೇ ಮೊದಲ ಗೋಲು. ಆ ಪಂದ್ಯ 2-1ರಿಂದ ಸೋತೆವು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದ್ದರು.

ಆಟದಿಂದ ಹೊಟ್ಟೆ ತುಂಬಬೇಕೆಂದರೆ ಆ ಕಾಲದಲ್ಲಿ ಕಲ್ಕತ್ತಾಕ್ಕೆ ಹೋಗಬೇಕಿತ್ತು. ರಾಮನ್ ಮೋಹನ್ ಬಾಗಾನ್ ಸೇರಿದರು. ಬೆಂಗಳೂರಿನ ಅಹ್ಮದ್ ಖಾನ್, ಧನರಾಜ್ ಈಸ್ಟ್ ಬೆಂಗಾಲ್ ಸೇರಿದರು. ಅಲ್ಲಿ ಅವರ ಜೊತೆ ವೆಂಕಟೇಶ್, ಅಪ್ಪಾರಾವ್, ಸಾಲೆ ಸೇರಿ ಐವರಿಗೆ 'ಪಂಚ ಪಾಂಡವರು' ಎಂಬ ಹೆಸರೇ ಬಂತು. ಊರು ಬಿಟ್ಟು ದೂರದ ಕ್ಲಬ್ಬಿಗೆ ಹೋಗುವುದು, ಕಾಲಲ್ಲಿ ಶಕ್ತಿ ಇರುವಷ್ಟು ದಿನ ಆಡುವುದು. ನಮ್ಮ ಹಳ್ಳಿಗಳಿಂದ ಇಂದು ಕಬಡ್ಡಿ ಹುಡುಗರು ಬೇರೆ ರಾಜ್ಯದ ತಂಡಗಳಿಗೆ ಹೋಗುವುದೂ ಹೆಚ್ಚು ಕಡಿಮೆ ಇದೇ ದಾರಿ.

ಎರಡನೆಯ ಉತ್ತರ: ಕಾರ್ಖಾನೆಯ ಸೈರನ್

ರಾಜಾಜಿನಗರಕ್ಕೆ ಆ ಹೆಸರು ಬಂದದ್ದು ಸಿ. ರಾಜಗೋಪಾಲಾಚಾರಿ ಅವರಿಂದ. 1949ರಲ್ಲಿ ಅವರು ಗವರ್ನರ್ ಜನರಲ್ ಆಗಿದ್ದಾಗ ಈ ಬಡಾವಣೆಗೆ ಶಂಕುಸ್ಥಾಪನೆ ಮಾಡಿದರು. ಇದು ಕೈಗಾರಿಕಾ ಉಪನಗರವಾಗಿಯೇ ಹುಟ್ಟಿದ ಬಡಾವಣೆ. ಇಲ್ಲಿಗೆ ಬಂದ ಕಾರ್ಮಿಕರ ಮಕ್ಕಳಿಗೆ ಮೈದಾನ ಸಿಕ್ಕಿತು, ಶಾಲೆ ಸಿಕ್ಕಿತು. ಅದೇ ಕಾಲದಲ್ಲಿ ಬೆಂಗಳೂರಿನ ಬೇರೆ ದಿಕ್ಕುಗಳಲ್ಲಿ ಸರ್ಕಾರಿ ಕಾರ್ಖಾನೆಗಳು ಒಂದರ ಹಿಂದೆ ಒಂದು ಎದ್ದವು. ಎಚ್‌ಎಎಲ್ 1940ರಲ್ಲೇ ಬಂದಿತ್ತು. 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್, 1964ರಲ್ಲಿ ಬಿಇಎಂಎಲ್. ಇವು ಫೋನು, ವಾಚು, ವಿಮಾನ ಮಾಡುವುದರ ಜೊತೆಗೆ ಆಟದ ತಂಡಗಳನ್ನೂ ಕಟ್ಟಿದವು.

ಕಾರ್ಖಾನೆಯ ತಂಡ ಅಂದರೆ ಏನು ಅಂತ ಇಂದಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಆಟಗಾರನನ್ನು ಕಾರ್ಖಾನೆ ಕಾಯಂ ಕೆಲಸಕ್ಕೆ ತೆಗೆದುಕೊಳ್ಳುತ್ತಿತ್ತು. ಅಭ್ಯಾಸಕ್ಕೆ, ಪಂದ್ಯಕ್ಕೆ ಬಿಡುವು ಕೊಡುತ್ತಿತ್ತು. ಆಡುವ ವಯಸ್ಸು ದಾಟಿದ ಮೇಲೆ ಅವನು ಅದೇ ಕಾರ್ಖಾನೆಯಲ್ಲಿ ಗುಮಾಸ್ತನಾಗಿಯೋ ಮೇಲ್ವಿಚಾರಕನಾಗಿಯೋ ಮುಂದುವರಿಯುತ್ತಿದ್ದ. ನಿವೃತ್ತಿಯಾದಾಗ ಪಿ.ಎಫ್. ಬರುತ್ತಿತ್ತು. ಅಂದರೆ ಆಟ ನಿಂತ ದಿನ ಕೆಲಸ ನಿಲ್ಲುತ್ತಿರಲಿಲ್ಲ. ನಮ್ಮ ಗೆಳೆಯನ ಅಪ್ಪನ ಪ್ರಶ್ನೆಗೆ ಇದಕ್ಕಿಂತ ಗಟ್ಟಿಯಾದ ಉತ್ತರ ಆಮೇಲೆ ಬಂದಿಲ್ಲ ಅಂತ ನಮಗನಿಸುತ್ತದೆ.

ಕೆನೆತ್ ಪೊವೆಲ್ ಅವರ ಉದಾಹರಣೆ ನೋಡಿ. ಕೋಲಾರದ ಹುಡುಗ. ಐಟಿಐ ಸೇರಿದರು, ಓಟಗಾರರಾದರು. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಓಡಿದರು, 1965ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು, 1970ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದ ರಿಲೇಯಲ್ಲಿ ಕಂಚು ಗೆದ್ದ ತಂಡದಲ್ಲಿದ್ದರು. ಇಷ್ಟೆಲ್ಲ ಮಾಡಿದ ಮನುಷ್ಯನಿಗೆ ಒಂದು ಕಾರ್ಖಾನೆಯ ಗುರುತಿನ ಚೀಟಿಯೂ ಇತ್ತು. ಓಟ ಅವರ ಒಂದು ಹೆಸರು, ಐಟಿಐ ಇನ್ನೊಂದು ಹೆಸರು.

1969ರಲ್ಲಿ 14 ಬ್ಯಾಂಕುಗಳು, 1980ರಲ್ಲಿ ಮತ್ತೆ 6 ಬ್ಯಾಂಕುಗಳು ರಾಷ್ಟ್ರೀಕರಣವಾದವು. ಅವುಗಳಲ್ಲಿ ಕೆನರಾ, ಸಿಂಡಿಕೇಟ್, ವಿಜಯ, ಕಾರ್ಪೊರೇಷನ್ ಈ ನಾಲ್ಕೂ ನಮ್ಮ ಕರಾವಳಿಯಲ್ಲಿ ಹುಟ್ಟಿದವು. ಕಾರ್ಖಾನೆಗಳ ದಾರಿಯನ್ನೇ ಬ್ಯಾಂಕುಗಳೂ ಹಿಡಿದವು. ಭದ್ರಾವತಿಯ ಜಿ.ಆರ್. ವಿಶ್ವನಾಥ್ ಸ್ಟೇಟ್ ಬ್ಯಾಂಕಿನಲ್ಲಿದ್ದರು. ಗಾಲಿಕುರ್ಚಿಯಲ್ಲಿ ಕುಳಿತೇ ನೂರಾರು ಪದಕ ಗೆದ್ದ ಮಾಲತಿ ಹೊಳ್ಳ ಸಿಂಡಿಕೇಟ್ ಬ್ಯಾಂಕಿನಲ್ಲಿದ್ದರು.

ಶಾಂತಾ ರಂಗಸ್ವಾಮಿ ಅವರ ಕಥೆ ಸ್ವಲ್ಪ ನಿಂತು ಕೇಳಬೇಕಾದದ್ದು. 1976ರಲ್ಲಿ ಪಟ್ನಾದಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಭಾರತದ ಮಹಿಳೆಯರು ಮೊದಲ ಟೆಸ್ಟ್ ಗೆಲುವು ಕಂಡಾಗ ಅವರೇ ನಾಯಕಿ. ಅರ್ಜುನ ಪ್ರಶಸ್ತಿ ಪಡೆದ ಮೊದಲ ಮಹಿಳಾ ಕ್ರಿಕೆಟರ್ ಕೂಡ ಅವರೇ. ಆದರೆ ಆ ಕಾಲದಲ್ಲಿ ಹೆಣ್ಣುಮಕ್ಕಳ ಕ್ರಿಕೆಟ್‌ಗೆ ದುಡ್ಡೇ ಇರಲಿಲ್ಲ. ರಿಸರ್ವೇಷನ್ ಇಲ್ಲದ ಬೋಗಿಯಲ್ಲಿ ಹೋಗಿ, ಡಾರ್ಮಿಟರಿಯ ನೆಲದ ಮೇಲೆ ಮಲಗಿ ಆಡಿದ್ದನ್ನು ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಬಿಸಿಸಿಐ ಮಹಿಳಾ ಕ್ರಿಕೆಟನ್ನು ತನ್ನ ಕೈಗೆ ತೆಗೆದುಕೊಂಡದ್ದು 2006ರಲ್ಲಿ, ಅಂದರೆ ಆ ಗೆಲುವಿನ 30 ವರ್ಷಗಳ ಮೇಲೆ. ಅಷ್ಟರವರೆಗೆ ಅವರನ್ನು ನಿಲ್ಲಿಸಿದ್ದು ಕೆನರಾ ಬ್ಯಾಂಕಿನ ಕೆಲಸ. ಜನರಲ್ ಮ್ಯಾನೇಜರ್ ಹುದ್ದೆಯವರೆಗೆ ಏರಿ ನಿವೃತ್ತರಾದರು. ಆಟ ಅವರಿಗೆ ಕೆಲಸ ಕೊಡಿಸಿತು ಅನ್ನುವುದಕ್ಕಿಂತ ಕೆಲಸವೇ ಅವರ ಆಟವನ್ನು ಉಳಿಸಿತು ಅಂದರೆ ಸರಿಯಾದೀತು.

ಮೂರನೆಯ ಉತ್ತರ: ಕಾಲೇಜಿನ ಬೆಂಚು

ಕೆಂಗೇರಿ ಕಡೆಯ ಮೆಟ್ರೊ ನಾಯಂಡಹಳ್ಳಿ, ರಾಜರಾಜೇಶ್ವರಿ ನಗರ ದಾಟಿದ ಮೇಲೆ ಜ್ಞಾನಭಾರತಿ ನಿಲ್ದಾಣ ಬರುತ್ತದೆ. ಅದಾದ ಮೇಲೆ ಪಟ್ಟಣಗೆರೆ. ಆ ಸುತ್ತಿನಲ್ಲೇ ಆರ್.ವಿ. ಎಂಜಿನಿಯರಿಂಗ್ ಕಾಲೇಜು ಇದೆ, 1963ರಲ್ಲಿ ಶುರುವಾದದ್ದು. 1980ರ ದಶಕದ ಕೊನೆಯಲ್ಲಿ ಇಲ್ಲಿ ಮೆಕ್ಯಾನಿಕಲ್ ಓದಲು ಬಂದ ಕನ್ನಡಕದ ಹುಡುಗ ಅನಿಲ್ ಕುಂಬ್ಳೆ. ಅವರ ಮನೆತನದ ಮೂಲ ಕಾಸರಗೋಡಿನ ಕುಂಬಳೆ. ಹೆಸರಿನಲ್ಲೇ ಊರಿದೆ.

ಅವರ ತಾರೀಖುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ವಿಷಯ ಕಾಣುತ್ತದೆ. 1989ರ ನವೆಂಬರಿನಲ್ಲಿ ಕರ್ನಾಟಕದ ಪರ ಮೊದಲ ರಣಜಿ ಪಂದ್ಯ. 1990ರ ಏಪ್ರಿಲ್‌ನಲ್ಲಿ ಶಾರ್ಜಾದಲ್ಲಿ ಮೊದಲ ಏಕದಿನ ಪಂದ್ಯ. ಅದೇ ಆಗಸ್ಟ್‌ನಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಮೊದಲ ಟೆಸ್ಟ್. ಆಗ ಅವರಿಗೆ ಇನ್ನೂ 20 ತುಂಬಿರಲಿಲ್ಲ, ಡಿಗ್ರಿಯೂ ಮುಗಿದಿರಲಿಲ್ಲ. ಆ ಒಂದು ಟೆಸ್ಟ್ ಆದ ಮೇಲೆ ಎರಡು ವರ್ಷ ಟೆಸ್ಟ್ ತಂಡದಲ್ಲಿ ಅವರು ಇಲ್ಲ. ಅದೇ ಎರಡು ವರ್ಷದಲ್ಲಿ ಎಂಜಿನಿಯರಿಂಗ್ ಮುಗಿಯಿತು. 1992ರಲ್ಲಿ ಇರಾನಿ ಟ್ರೋಫಿಯಲ್ಲಿ 13 ವಿಕೆಟ್ ತೆಗೆದು ಟೆಸ್ಟ್ ತಂಡಕ್ಕೆ ಮರಳಿದರು. ಆಮೇಲಿನದ್ದು ಎಲ್ಲರಿಗೂ ಗೊತ್ತು: 132 ಟೆಸ್ಟ್, 619 ವಿಕೆಟ್, 1999ರಲ್ಲಿ ದೆಹಲಿಯಲ್ಲಿ ಪಾಕಿಸ್ತಾನದ ವಿರುದ್ಧ ಒಂದೇ ಇನಿಂಗ್ಸ್‌ನಲ್ಲಿ 10 ವಿಕೆಟ್.

ಇದಕ್ಕೂ 30 ವರ್ಷ ಮೊದಲು ಇನ್ನೊಬ್ಬ ಸ್ಪಿನ್ನರ್ ಇದೇ ದಾರಿಯಲ್ಲಿ ನಡೆದಿದ್ದರು. ಇ.ಎ.ಎಸ್. ಪ್ರಸನ್ನ 1962ರ ಜನವರಿಯಲ್ಲಿ ಮದರಾಸಿನಲ್ಲಿ ಮೊದಲ ಟೆಸ್ಟ್ ಆಡಿದರು, ಅದೇ ವರ್ಷ ವೆಸ್ಟ್ ಇಂಡೀಸ್‌ಗೆ ಹೋಗಿ ಬಂದರು. ಬಂದವರು ಮೈಸೂರಿನ ಎನ್‌ಐಇಯಲ್ಲಿ ಎಂಜಿನಿಯರಿಂಗ್ ಮುಗಿಸಿದರು. ಟೆಸ್ಟ್ ಕ್ರಿಕೆಟ್‌ಗೆ ಮರಳಿದ್ದು 1967ರಲ್ಲಿ. ಐದು ವರ್ಷ! ಇಂದು ಒಂದು ಐಪಿಎಲ್ ಸೀಸನ್ ತಪ್ಪಿದರೆ ಜನ ಮರೆತುಬಿಡುತ್ತಾರೆ. ಪ್ರಸನ್ನ ಐದು ವರ್ಷ ಬಿಟ್ಟು ಬಂದು ಒಟ್ಟು 189 ಟೆಸ್ಟ್ ವಿಕೆಟ್ ತೆಗೆದರು. ಜಾವಗಲ್ ಶ್ರೀನಾಥ್ ಮೈಸೂರಿನ ಎಸ್‌ಜೆಸಿಇಯ ಎಂಜಿನಿಯರ್. ರಾಹುಲ್ ದ್ರಾವಿಡ್ ಎಂಬಿಎ ಓದುತ್ತಿರುವಾಗ ಭಾರತ ತಂಡಕ್ಕೆ ಆಯ್ಕೆಯಾದರು.

ಊರಿನಲ್ಲಿ ಈ ಕಥೆಯನ್ನು ಹೇಳಿದರೆ ಹಿರಿಯರು ತಕ್ಷಣ ಹಿಡಿದುಕೊಳ್ಳುತ್ತಾರೆ. 'ನೋಡು, ಕುಂಬ್ಳೆನೂ ಓದಿದ. ನೀನ್ಯಾಕೆ ಓದಲ್ಲ?' ಈ ಹೋಲಿಕೆ ನಮಗೆ ಪೂರ್ತಿ ಒಪ್ಪಿಗೆಯಿಲ್ಲ. ಕುಂಬ್ಳೆ ಬೆಳೆದದ್ದು ಬಸವನಗುಡಿಯಲ್ಲಿ. ಓದು ಮನೆಯ ಗಾಳಿಯಲ್ಲೇ ಇತ್ತು, ಕಾಲೇಜು ಮತ್ತು ಮೈದಾನ ಎರಡೂ ಬಸ್ಸಿನ ದೂರದಲ್ಲಿದ್ದವು. ನಮ್ಮ ಖೋಖೋ ಗೆಳೆಯ ಬೆಳಗ್ಗೆ ಅಭ್ಯಾಸ ಮುಗಿಸಿ, 18 ಕಿಲೋಮೀಟರ್ ಬಸ್ಸಿನಲ್ಲಿ ನಿಂತು ಕಾಲೇಜಿಗೆ ಬಂದು, ಸಂಜೆ ಹಸು ನೋಡಿಕೊಳ್ಳಬೇಕಿತ್ತು. ಅವನು ಕ್ಲಾಸಿನಲ್ಲಿ ನಿದ್ದೆ ಮಾಡಿದ್ದಕ್ಕೆ ಸೋಮಾರಿತನ ಕಾರಣವಾಗಿರಲಿಲ್ಲ. ಆದರೆ ಆ ಕಥೆಯಲ್ಲಿ ನಮಗೆ ಬೇಕಾದ ಒಂದು ಭಾಗವಿದೆ. ತಂಡದಿಂದ ಹೊರಗಿದ್ದಾಗ ಪ್ರಸನ್ನ ಅವರಿಗೂ ಕುಂಬ್ಳೆ ಅವರಿಗೂ ಹೋಗಿ ಕೂರಲು ಇನ್ನೊಂದು ಜಾಗ ಇತ್ತು. ಕಾಲೇಜಿನ ಬೆಂಚು ಕಾಯುತ್ತಿತ್ತು. ಮಂಡಿ ತಿರುಚಿಕೊಂಡು ಮನೆಯಲ್ಲಿ ಮಲಗುವ ನಮ್ಮ ಆಟಗಾರನಿಗೆ ಅಂಥ ಜಾಗ ಇರುವುದಿಲ್ಲ.

ಇದಕ್ಕೆ ಮನಶ್ಶಾಸ್ತ್ರದಲ್ಲಿ ಒಂದು ಹೆಸರೇ ಇದೆ: ಆಟಗಾರನೆಂಬ ಗುರುತು. 1993ರಲ್ಲಿ ಅಮೆರಿಕದ ಬ್ರಿಟನ್ ಬ್ರೂವರ್ ಮತ್ತು ಅವರ ಜೊತೆಗಾರರು ಅದನ್ನು ಅಳೆಯಲು 10 ವಾಕ್ಯಗಳ ಒಂದು ಪಟ್ಟಿ ಮಾಡಿದರು. ನನ್ನ ಗೆಳೆಯರಲ್ಲಿ ಹೆಚ್ಚಿನವರು ಆಟಗಾರರೇ, ಬೇರೆ ಯಾವುದಕ್ಕಿಂತ ಆಟದ ಬಗ್ಗೆಯೇ ಹೆಚ್ಚು ಯೋಚಿಸುತ್ತೇನೆ, ಗಾಯವಾಗಿ ಆಡಲಾಗದಿದ್ದರೆ ತುಂಬಾ ಕುಗ್ಗುತ್ತೇನೆ, ಈ ಥರದ ವಾಕ್ಯಗಳು. ಎಷ್ಟು ಒಪ್ಪುತ್ತೀರೋ ಅಷ್ಟು ಅಂಕ. ಅಂಕ ಹೆಚ್ಚಿದ್ದವರು ಮೈದಾನದಲ್ಲಿ ಗಟ್ಟಿ, ಆದರೆ ಆಟ ನಿಂತಾಗ ಅವರಿಗೇ ಹೆಚ್ಚು ಪೆಟ್ಟು ಎಂಬುದು ಅವರ ಮಾತಿನ ತಿರುಳು. ಅಮೆರಿಕದ ಕಾಲೇಜುಗಳಲ್ಲಿ ಐದು ಲಕ್ಷ ಆಟಗಾರರಿದ್ದಾರೆ, ಆಟವನ್ನೇ ವೃತ್ತಿ ಮಾಡಿಕೊಳ್ಳುವವರು ನೂರಕ್ಕೆ ಇಬ್ಬರೂ ಇಲ್ಲ. ಈ ಪಟ್ಟಿಯನ್ನು ನಾವು ಗೆಳೆಯನಿಗೆ ಓದಿ ಹೇಳಿದಾಗ ಅವನು ಎಲ್ಲಕ್ಕೂ ಹೂಂ ಅಂದ. ಆಮೇಲೆ, 'ಇದನ್ನ ಡಿಗ್ರಿ ಫಸ್ಟ್ ಇಯರ್‌ನಲ್ಲೇ ಕೇಳಬೇಕಿತ್ತು ಕಣ್ರೋ' ಅಂದ.

ಬೆಂಗಳೂರಿನ ಈಜುಗಾರ್ತಿ ಶಿಖಾ ಟಂಡನ್ ಅವರನ್ನು ಇಲ್ಲೇ ನೆನೆಯಬೇಕು. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಈಜಿದವರು, ಮರುವರ್ಷ ಅರ್ಜುನ ಪ್ರಶಸ್ತಿ. ಜೀವವಿಜ್ಞಾನ ಓದಿ, ಅಮೆರಿಕಕ್ಕೆ ಹೋಗಿ, ಅಲ್ಲಿ ಆಟಗಾರರ ಮದ್ದು ಸೇವನೆ ತಡೆಯುವ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದರು. ಆಟ ಬಿಟ್ಟರೂ ಆಟದ ಲೋಕ ಬಿಡಲಿಲ್ಲ. ಕೊಡಗಿನ ಅಶ್ವಿನಿ ನಾಚಪ್ಪ ಸಿನಿಮಾದಲ್ಲಿ ನಟಿಸಿದರು, ಆಮೇಲೆ ಗೋಣಿಕೊಪ್ಪದಲ್ಲಿ ಶಾಲೆ ನಡೆಸಿದರು. ಎಲ್ಲರಿಗೂ ಅಷ್ಟು ದೊಡ್ಡ ಹಾರಾಟ ಬೇಕಿಲ್ಲ. ನಮ್ಮ ಹಳ್ಳಿಗಳಲ್ಲಿ ಆಟ ಬಲ್ಲವರಿಗೆ ಬಹಳ ಕಾಲ ಇದ್ದ ಗೌರವದ ದಾರಿ ಪಿ.ಟಿ. ಮೇಷ್ಟ್ರಾಗುವುದು. ಬಿ.ಪಿ.ಇಡಿ. ಮಾಡಿ ಶಾಲೆ ಸೇರಿದವರು ಎಷ್ಟು ಜನರನ್ನು ಮೈದಾನಕ್ಕೆ ಎಳೆದು ತಂದಿದ್ದಾರೋ ಲೆಕ್ಕವಿಲ್ಲ. ನಮ್ಮಲ್ಲಿ ಇಬ್ಬರು ಊರು ಬಿಟ್ಟು ಕಾಲೇಜಿಗೆ ಬಂದದ್ದೇ ಅಂಥ ಒಬ್ಬ ಮೇಷ್ಟ್ರ ಒತ್ತಾಯಕ್ಕೆ.

ಜ್ಞಾನಭಾರತಿಯ ಎರಡು ಲೋಕ

ಬೆಂಗಳೂರು ವಿಶ್ವವಿದ್ಯಾಲಯ 1964ರಲ್ಲಿ ಹುಟ್ಟಿತು. ಅದರ ಜ್ಞಾನಭಾರತಿ ಆವರಣ ಸಾವಿರ ಎಕರೆಗೂ ದೊಡ್ಡದು. ಅದಕ್ಕೆ ಅಂಟಿಕೊಂಡಂತೆ ಭಾರತೀಯ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರವಿದೆ. ಎಲ್ಲರೂ 'ಸಾಯ್' ಅಂತಾರೆ. 1982ರ ದೆಹಲಿ ಏಷ್ಯನ್ ಕ್ರೀಡಾಕೂಟ ಮುಗಿದ ಮೇಲೆ 1984ರಲ್ಲಿ ಸಾಯ್ ಸ್ಥಾಪನೆಯಾಯಿತು. ತರಬೇತುದಾರರನ್ನು ತಯಾರು ಮಾಡುತ್ತಿದ್ದ ಪಟಿಯಾಲದ ಸಂಸ್ಥೆ 1987ರಲ್ಲಿ ಅದರೊಳಗೆ ಸೇರಿತು.

ಭಾರತದ ಹಾಕಿ ತಂಡಗಳ ಶಿಬಿರ ನಡೆಯುವುದು ಇಲ್ಲೇ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಪುರುಷರ ಮತ್ತು ಮಹಿಳೆಯರ ಎರಡೂ ತಂಡಗಳು ಮನೆಗೆ ಹೋಗಲಾಗದೆ ತಿಂಗಳುಗಟ್ಟಲೆ ಈ ಆವರಣದಲ್ಲೇ ಉಳಿದವು. ಮರುವರ್ಷ ಟೋಕಿಯೊದಲ್ಲಿ ಪುರುಷರು ಕಂಚು ಗೆದ್ದರು, ಮಹಿಳೆಯರು ನಾಲ್ಕನೆಯವರಾದರು. ಆ ಮಹಿಳಾ ತಂಡದ ಬಹುಪಾಲು ಆಟಗಾರ್ತಿಯರಿಗೆ ಕೆಲಸ ಕೊಟ್ಟಿದ್ದದ್ದು ರೈಲ್ವೆ. ರೈಲ್ವೆಯ ಕ್ರೀಡಾ ಸಂಸ್ಥೆ 1928ರಷ್ಟು ಹಳೆಯದು. ಕಾರ್ಕಳ ತಾಲ್ಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ ಮತ್ತು ಬೆಂಗಳೂರಿನ ತೇಜಸ್ವಿನಿ ಬಾಯಿ, 2010 ಮತ್ತು 2014ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಕಬಡ್ಡಿ ಚಿನ್ನ ಗೆದ್ದ ಈ ಇಬ್ಬರಿಗೂ ಅನ್ನ ಕೊಟ್ಟದ್ದು ರೈಲ್ವೆಯೇ.

ಸಾಯ್ ಗೋಡೆಯ ಒಳಗೆ ಊಟದ ಲೆಕ್ಕ ಇಡುವವರಿದ್ದಾರೆ, ಮಂಡಿ ನೋಡುವ ಫಿಸಿಯೊ ಇದ್ದಾರೆ. ಗೋಡೆಯ ಹೊರಗೆ ವಿಶ್ವವಿದ್ಯಾಲಯದ ಮರಗಳ ನಡುವಿನ ರಸ್ತೆಯಲ್ಲಿ ಬೆಳಗ್ಗೆ ಐದೂವರೆಗೆ ಓಡುವ ನೂರಾರು ಹುಡುಗ ಹುಡುಗಿಯರಿದ್ದಾರೆ. ಕೈಯಲ್ಲಿ ಮೊಬೈಲಿನ ಸ್ಟಾಪ್‌ವಾಚ್. ಅವರು ಪದಕಕ್ಕೆ ಓಡುತ್ತಿಲ್ಲ. ಪೊಲೀಸ್ ಕಾನ್‌ಸ್ಟೆಬಲ್ ದೈಹಿಕ ಪರೀಕ್ಷೆಯಲ್ಲಿ ಗಂಡಸರು 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು. ಅದಕ್ಕೆ ಓಡುತ್ತಿದ್ದಾರೆ. ನಮ್ಮ ಗೆಳೆಯನೂ ಅವರಲ್ಲಿ ಒಬ್ಬ. ಓಟ ಅವನಿಗೆ ಲೆಕ್ಕಕ್ಕಿಲ್ಲ. ಕಷ್ಟ ಇರುವುದು ಲಿಖಿತ ಪರೀಕ್ಷೆಯಲ್ಲಿ.

ಹಳೆಯ ಬಾಗಿಲುಗಳು ಮುಚ್ಚಿದ ಬಗೆ

ಕಾರ್ಖಾನೆ, ಬ್ಯಾಂಕು ಎಲ್ಲಿ ಹೋದವು ಅಂತ ನೀವು ಕೇಳಬಹುದು. 1991ರ ನಂತರ ಸರ್ಕಾರಿ ಕಾರ್ಖಾನೆಗಳಿಗೆ ಹೊಸಬರನ್ನು ತೆಗೆದುಕೊಳ್ಳುವುದು ಕಡಿಮೆಯಾಗುತ್ತಾ ಬಂತು. ಎಚ್‌ಎಂಟಿ ವಾಚ್ ಕಂಪನಿಯ ಬಾಗಿಲು 2016ರಲ್ಲಿ ಮುಚ್ಚಿತು. ನಮ್ಮ ತಾತಂದಿರ ಕೈಯಲ್ಲಿ ಇದ್ದದ್ದು ಆ ವಾಚು. 2017ರ ಏಪ್ರಿಲ್ 1ಕ್ಕೆ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಸ್‌ಬಿಐನಲ್ಲಿ ಕರಗಿತು. 2019ರ ಏಪ್ರಿಲ್ 1ಕ್ಕೆ ವಿಜಯ ಬ್ಯಾಂಕ್ ಹೋಯಿತು. 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಹೋದವು. ಮೂರೇ ವರ್ಷದಲ್ಲಿ ನಾಲ್ಕು ಬೋರ್ಡುಗಳು ಇಳಿದವು. ಪತ್ರಿಕೆಗಳಲ್ಲಿ ಐಎಫ್‌ಎಸ್‌ಸಿ ಕೋಡ್ ಬದಲಾವಣೆಯ ಬಗ್ಗೆ ಬರೆದರು, ಪಾಸ್‌ಬುಕ್ ಬಗ್ಗೆ ಬರೆದರು. ಆಟಗಾರರಿಗೆ ಕೆಲಸ ಕೊಡುತ್ತಿದ್ದ ಹೆಸರುಗಳೂ ಅದರ ಜೊತೆ ಹೋದವು ಎಂಬುದನ್ನು ಎಲ್ಲೋ ಒಂದಿಬ್ಬರು ಬರೆದಿರಬೇಕು.

2014ರಲ್ಲಿ ಪ್ರೊ ಕಬಡ್ಡಿ ಬಂತು. ಟಿವಿಯಲ್ಲಿ ಕಬಡ್ಡಿ ನೋಡಿ ನಮ್ಮೂರುಗಳಲ್ಲಿ ಮ್ಯಾಟ್ ಹಾಸಲು ಚಂದಾ ಎತ್ತಿದರು. ನಮ್ಮ ರಾಜ್ಯದ ಬಿ.ಸಿ. ರಮೇಶ್ ತರಬೇತುದಾರರಾಗಿ 2019ರಲ್ಲಿ ಬೆಂಗಾಲ್ ವಾರಿಯರ್ಸ್, 2024ರಲ್ಲಿ ಪುಣೇರಿ ಪಲ್ಟನ್ ತಂಡಗಳಿಗೆ ಕಪ್ ಗೆದ್ದುಕೊಟ್ಟರು. ಹೆಮ್ಮೆಯ ವಿಷಯವೇ. ಆದರೆ ಲೆಕ್ಕ ಹಾಕಿ: 12 ತಂಡ, ಒಂದೊಂದರಲ್ಲಿ ಹೆಚ್ಚೆಂದರೆ 25 ಜನ. ಇಡೀ ದೇಶಕ್ಕೆ 300 ಜಾಗ. ಅದರಲ್ಲಿ ಹೊರದೇಶದವರೂ ಇರುತ್ತಾರೆ. ಒಪ್ಪಂದ ಒಂದೆರಡು ಸೀಸನ್ನಿಗೆ. ಐಟಿಐ ಕೊಟ್ಟದ್ದು ನಿವೃತ್ತಿಯವರೆಗಿನ ಸಂಬಳ, ಇದು ಹಾಗಲ್ಲ.

ಈಗಿನ ಉತ್ತರ: ಒಂದು ಹಾಳೆ ಕಾಗದ

ಹಾಗಾದರೆ ಇಂದಿನ ಕಾಲೇಜು ಆಟಗಾರನಿಗೆ ಉಳಿದಿರುವ ಬಾಗಿಲು ಯಾವುದು? ಕ್ರೀಡಾ ಕೋಟಾ. ಇದು ಹೊಸದೇನಲ್ಲ. ಕೇಂದ್ರ ಸರ್ಕಾರ 1980ರ ಆಗಸ್ಟ್ 4ರಂದು ಹೊರಡಿಸಿದ ಆದೇಶವೇ ಇದರ ತಾಯಿಬೇರು. ರಾಜ್ಯ ಅಥವಾ ದೇಶದ ಪರ ಆಡಿದವರು, ಅಂತರ ವಿಶ್ವವಿದ್ಯಾಲಯ ಪಂದ್ಯದಲ್ಲಿ ತಮ್ಮ ವಿಶ್ವವಿದ್ಯಾಲಯದ ಪರ ಆಡಿದವರು, ರಾಷ್ಟ್ರೀಯ ಶಾಲಾ ಕ್ರೀಡಾಕೂಟದಲ್ಲಿ ರಾಜ್ಯದ ಪರ ಆಡಿದವರು ಇದರ ಕೆಳಗೆ ಬರುತ್ತಾರೆ. ಕಬಡ್ಡಿ, ಖೋಖೋ, ಬಾಲ್ ಬ್ಯಾಡ್ಮಿಂಟನ್ ಎಲ್ಲ ಪಟ್ಟಿಯಲ್ಲಿವೆ. 2020ರಲ್ಲಿ ಮಲ್ಲಕಂಬ, ಹಗ್ಗಜಗ್ಗಾಟ ಕೂಡ ಸೇರಿದವು. ವಯಸ್ಸಿನಲ್ಲಿ 5 ವರ್ಷದವರೆಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ 10 ವರ್ಷದವರೆಗೆ ಸಡಿಲಿಕೆ ಇದೆ. ನಮ್ಮ ರಾಜ್ಯ ಸರ್ಕಾರವೂ ಪೊಲೀಸ್ ಮತ್ತು ಅರಣ್ಯ ಇಲಾಖೆಗಳಲ್ಲಿ ಶೇ 3, ಬೇರೆ ಇಲಾಖೆಗಳಲ್ಲಿ ಶೇ 2 ಮೀಸಲು ಎಂದು ಹೇಳಿದೆ.

ಇಲ್ಲೊಂದು ಗಂಟಿದೆ, ಊರಿನ ಹುಡುಗರಿಗೆ ಯಾರೂ ಹೇಳುವುದಿಲ್ಲ. ಪಂದ್ಯ ಮುಗಿದಾಗ ವೇದಿಕೆಯಲ್ಲಿ ಕೊಡುವ ಬಣ್ಣದ ಪ್ರಮಾಣಪತ್ರ ಮಾತ್ರ ಇಟ್ಟುಕೊಂಡು ಕೇಂದ್ರದ ಕೆಲಸಕ್ಕೆ ಹೋದರೆ ಸಾಲದು. ಅದಕ್ಕೆ ಗೊತ್ತುಪಡಿಸಿದ ನಮೂನೆಗಳಿವೆ. ದೇಶದ ಪರ ಆಡಿದವರಿಗೆ ನಮೂನೆ 1, ರಾಜ್ಯದ ಪರ ಆಡಿದವರಿಗೆ ನಮೂನೆ 2, ವಿಶ್ವವಿದ್ಯಾಲಯದ ಪರ ಆಡಿದವರಿಗೆ ನಮೂನೆ 3, ಶಾಲಾ ಮಟ್ಟದವರಿಗೆ ನಮೂನೆ 4. ನಮೂನೆ 3ಕ್ಕೆ ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದ ಮುಖ್ಯಸ್ಥರ ಸಹಿ ಬೇಕು. ಆಡುತ್ತಿರುವಾಗಲೇ, ಆ ವರ್ಷದ ದಾಖಲೆ ಮೇಜಿನ ಮೇಲಿರುವಾಗಲೇ ಅದನ್ನು ಬರೆಸಿಕೊಳ್ಳುವುದು ಸುಲಭ. ಮೂರು ವರ್ಷ ಬಿಟ್ಟು ಹೋದರೆ ಅಧಿಕಾರಿ ಬದಲಾಗಿರುತ್ತಾರೆ, ರಿಜಿಸ್ಟರ್ ಯಾವುದೋ ಕಪಾಟಿನಲ್ಲಿರುತ್ತದೆ. ಪದಕ ಬಂದವರಿಗೆ ಮೊದಲ ಆದ್ಯತೆ, ಬರೀ ಭಾಗವಹಿಸಿದವರು ಕೊನೆಯ ಸಾಲಿನಲ್ಲಿ ಎಂಬುದನ್ನೂ ನೆನಪಿಡಿ.

ನಮ್ಮ ಗೆಳೆಯನಿಗೆ ಆದದ್ದು ಇದೇ. ಕೇಂದ್ರದ ಇಲಾಖೆಯೊಂದು ಕ್ರೀಡಾ ಕೋಟಾದಲ್ಲಿ ಅರ್ಜಿ ಕರೆದಾಗ ಅವನ ಬಳಿ ಫ್ಲೆಕ್ಸಿನ ಫೋಟೊ ಇತ್ತು, ಬಣ್ಣದ ಪ್ರಮಾಣಪತ್ರ ಇತ್ತು, ನಮೂನೆ 3 ಇರಲಿಲ್ಲ. ಓಡಾಡಿದ. ಕಚೇರಿಯಿಂದ ಕಚೇರಿಗೆ ಕಳಿಸಿದರು. 'ನೀವು ಆಡಿದ್ದಕ್ಕೆ ಸಾಕ್ಷಿ ತನ್ನಿ' ಅಂದರು. ಅಷ್ಟರಲ್ಲಿ ಕೊನೆಯ ದಿನಾಂಕ ಮುಗಿಯಿತು. ಅವನಿಗೆ ಆಟ ಕಲಿಸಿದವರು, ಆಡಿಸಿದವರು, ಫ್ಲೆಕ್ಸ್ ಕಟ್ಟಿದವರು ಇಷ್ಟು ಜನರಲ್ಲಿ ಒಬ್ಬರಾದರೂ ಆ ಹಾಳೆಯ ಬಗ್ಗೆ ಹೇಳಿದ್ದರೆ? ಬರೆಯಲು ಕಲಿತ ನಾವೂ ಅವನ ಪಕ್ಕದ ಬೆಂಚಿನಲ್ಲೇ ಕೂತಿದ್ದೆವು. ನಮಗೂ ಗೊತ್ತಿರಲಿಲ್ಲ.

ಆಮೇಲೆ ವಿಜಯನಗರಕ್ಕೆ ಬಂದ. ಅಲ್ಲಿನ ಬೀದಿಗಳನ್ನು ನೋಡದವರಿಗೆ ಹೇಳಬೇಕೆಂದರೆ, ಒಂದು ಕಟ್ಟಡದಲ್ಲಿ ಕೋಚಿಂಗ್ ಸೆಂಟರ್, ಪಕ್ಕದಲ್ಲಿ ಓದುವ ಕೋಣೆ, ಕೆಳಗೆ ಜೆರಾಕ್ಸ್ ಅಂಗಡಿ, ಎದುರಿಗೆ ಚಿತ್ರಾನ್ನದ ಗಾಡಿ. ರಾಯಚೂರು, ಕೊಪ್ಪಳ, ವಿಜಯಪುರ, ಚಾಮರಾಜನಗರ, ಎಲ್ಲ ಕಡೆಯ ಮಾತೂ ಕೇಳುತ್ತದೆ. 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ 2021ರಲ್ಲಿ ನಡೆದು, ಅಕ್ರಮ ಹೊರಬಿದ್ದು ರದ್ದಾಗಿ, ಮರುಪರೀಕ್ಷೆ 2024ರ ಜನವರಿಯಲ್ಲಿ ನಡೆಯಿತು. ಅಷ್ಟು ವರ್ಷ ಇದೇ ಬೀದಿಗಳಲ್ಲಿ ಕಾದವರಿದ್ದಾರೆ. ಆಟಗಾರನಿಗೆ ಮೂರು ವರ್ಷ ಅಂದರೆ ಏನು ಅಂತ ಆಡಿದವರಿಗೇ ಗೊತ್ತು.

ಅಲ್ಲಿ ಅವನನ್ನು ಯಾರೂ ಖೋಖೋ ಅಂತ ಕರೆಯುವುದಿಲ್ಲ. ರೂಮಿನವರಿಗೆ ಅವನು ಆಡುತ್ತಿದ್ದದ್ದೇ ಬಹಳ ದಿನ ಗೊತ್ತಿರಲಿಲ್ಲವಂತೆ. ಮೊದಲು ಅದು ಬೇಜಾರಾಗುತ್ತಿತ್ತು, ಈಗ ಹಗುರ ಅನಿಸುತ್ತದೆ ಅಂದ. ಭಾನುವಾರ ಮಾತ್ರ ಹತ್ತಿರದ ಮೈದಾನದಲ್ಲಿ ಶಾಲೆಯ ಮಕ್ಕಳಿಗೆ ಖೋಖೋ ಹೇಳಿಕೊಡುತ್ತಾನೆ. ದುಡ್ಡಿಲ್ಲ, ಬೆಳಗಿನ ತಿಂಡಿ ಕೊಡುತ್ತಾರೆ. ಸಾಯ್‌ನಲ್ಲಿ ತರಬೇತುದಾರರ ಕೋರ್ಸ್ ಇದೆಯಲ್ಲ, ಅದಕ್ಕೆ ಏನು ಬೇಕು ಅಂತ ವಿಚಾರಿಸಿಕೊಂಡು ಬಂದಿದ್ದಾನೆ.

ಕಳೆದ ವಾರ ಫೋನ್ ಮಾಡಿದ್ದ. ವಿಶ್ವವಿದ್ಯಾಲಯದಲ್ಲಿ ಈಗ ಬಂದಿರುವ ಅಧಿಕಾರಿ ಒಳ್ಳೆಯವರಂತೆ, ನಮೂನೆ 3 ಕೊಡಲು ಒಪ್ಪಿದ್ದಾರೆ. ಆದರೆ ತಂಡದ ಪಟ್ಟಿ ಸಿಕ್ಕಿಲ್ಲ. ಆ ಪಂದ್ಯದ ಗ್ರೂಪ್ ಫೋಟೊ ಇದ್ದರೆ ಅದನ್ನೂ ಜೊತೆಗೆ ಇಡಿ ಅಂದಿದ್ದಾರೆ. ನಮ್ಮಲ್ಲಿ ಯಾರ ಹತ್ತಿರವಾದರೂ ಇದೆಯಾ ಅಂತ ಕೇಳಿದ. ಹಳೆಯ ಮೊಬೈಲುಗಳನ್ನೆಲ್ಲ ಚಾರ್ಜಿಗೆ ಹಾಕಿ ಹುಡುಕಿದೆವು. ಒಂದರಲ್ಲಿ ಸಿಕ್ಕಿತು. ಎದುರು ಬಿಸಿಲು, ಮುಖ ಸರಿಯಾಗಿ ಕಾಣುವುದಿಲ್ಲ. ಜರ್ಸಿಯ ಮೇಲಿನ ನಂಬರು ಮಾತ್ರ ಸ್ಪಷ್ಟವಾಗಿದೆ: 7. ಕಳಿಸಿದ್ದೇವೆ.